ಶಾಲು ಹೊದಿಸುವ ಮುಂಚೆ ಟೇಪು ಹಿಡಿಯಿರಿ

ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲ ಕಡೆ ಸನ್ಮಾನದ ಸುಗ್ಗಿ. ಶಾಲು, ಹಾರ, ಹಣ್ಣಿನ ಬುಟ್ಟಿ. ವೀಲ್‌ಚೇರಿನಲ್ಲಿ ಬಂದ ಅತಿಥಿಯನ್ನು ನಾಲ್ಕು ಜನ ಎತ್ತಿ ವೇದಿಕೆಗೆ ಏರಿಸುವುದೂ ಕಾರ್ಯಕ್ರಮದ ಭಾಗವೇ ಆಗಿಬಿಟ್ಟಿದೆ. ಇನ್ನೇನು ಮಾಡುತ್ತಾರೆ, ವೇದಿಕೆಗೆ ಇರುವುದು ಬರೀ ಮೆಟ್ಟಿಲು.

ಅಂಗವಿಕಲ ಮಕ್ಕಳನ್ನು ಡಿಗ್ರಿವರೆಗೆ ದಾಟಿಸಿದವರಿಗೆ ಸನ್ಮಾನ ಆಗಲೇಬೇಕು. ಆದರೆ ನನ್ನ ಪಟ್ಟಿ ಬೇರೆ.

ಮೊದಲ ಹೆಸರು ಅಂಗವಿಕಲರ ಹಕ್ಕಿಗಾಗಿ ಹೋರಾಡಿದ ಜಾವೇದ್ ಅಬಿದಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ, ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅವರಿಗೆ ಕನಿಷ್ಠ ಶೇ 5 ಸೀಟು ಕೊಡಬೇಕೆಂದಿತು. 60 ಸೀಟಿನ ಕೋರ್ಸಿಗೆ 3. ಅದನ್ನು ಪಾಲಿಸಲೇಬೇಕೆಂದು 2017ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನಿಂದ ಹೇಳಿಸಿದ್ದು ಅವರ ಡಿಸೇಬಲ್ಡ್ ರೈಟ್ಸ್ ಗ್ರೂಪ್. ಮೂರು ತಿಂಗಳು ತುಂಬುವುದರೊಳಗೆ ಅವರೇ ಹೋಗಿಬಿಟ್ಟರು.

ಆಮೇಲೆ ಆಸ್ಟ್ರೇಲಿಯಾದ ಮೈಕೆಲ್ ಕರನ್, ಜೇಮ್ಸ್ ಟೆ. ಇಬ್ಬರೂ ಅಂಧರು. ಕಂಪ್ಯೂಟರ್ ಪರದೆ ಮೇಲಿನದನ್ನು ಓದಿ ಹೇಳುವ, ಅವರು ಕಟ್ಟಿದ ಎನ್‌ವಿಡಿಎ ತಂತ್ರಾಂಶದ ಕೆಲಸ 2006ರಲ್ಲಿ ಶುರುವಾಯಿತು. ಪುಕ್ಕಟೆ, ಜೊತೆಗೆ ಕನ್ನಡದ ದನಿಯೂ ಉಂಟು. ಆದರೆ ನಮ್ಮ ಕಾಲೇಜುಗಳ ನೋಟ್ಸ್ ಬಹಳಷ್ಟು ಹಳೆಯ ನುಡಿ ಫಾಂಟಿನಲ್ಲಿವೆ. ಕಣ್ಣಿಗೆ 'ಕನ್ನಡ' ಎಂದು ಕಂಡರೂ ಒಳಗೆ ಕೂತಿರುವುದು ಇಂಗ್ಲಿಷಿನ ಪಿ, ಕ್ಯೂ ಮತ್ತು ಏನೇನೋ ಚಿಹ್ನೆ. ಎನ್‌ವಿಡಿಎ ಓದುವುದೂ ಅದನ್ನೇ. ಪರಿವರ್ತಕ ತಂತ್ರಾಂಶದಲ್ಲಿ ಹಾಕಿ, ಕನ್ನಡವನ್ನು ಕನ್ನಡವಾಗಿಯೇ ಇಡುವ ಯೂನಿಕೋಡಿಗೆ ತರಬೇಕು. ಅರ್ಕಾವತ್ತು, ಒತ್ತಕ್ಷರ ಕೆಟ್ಟಿವೆಯೇ ಎಂದು ಒಬ್ಬರು ಕೂತು ತಿದ್ದಬೇಕು. ಪುಟದ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದರೆ ಅದು ಚಿತ್ರ, ಎನ್‌ವಿಡಿಎ ಅದನ್ನು ನೇರವಾಗಿ ಓದದು. ಹೀಗೆ ಒಂದು ಸೆಮಿಸ್ಟರಿನ ನೋಟ್ಸ್ ತಿದ್ದಿಕೊಟ್ಟ ಗೆಳತಿ ಇದ್ದಾಳಲ್ಲ, ಹಾರ ಅವಳಿಗೆ ಹಾಕಿ.

ರ‍್ಯಾಂಪ್ ಕಟ್ಟಿಸಿದ ಪ್ರಾಂಶುಪಾಲರಿಗೆ ಶಾಲು ಹೊದಿಸುವ ಮುಂಚೆ ಟೇಪು ಹಿಡಿದು ನೋಡಿ. ಒಂದು ಅಡಿ ಏರಕ್ಕೆ 12 ಅಡಿ ಉದ್ದ ಬೇಕು. ಅರ್ಧರ್ಧ ಅಡಿಯ ಮೂರು ಮೆಟ್ಟಿಲಿದ್ದರೆ 18 ಅಡಿ. 'ಜಾಗ ಇಲ್ಲ ಸರ್' ಅಂತ ಆರೇ ಅಡಿಗೆ ಮುಗಿಸಿದರೆ ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಅಂಥ ರ‍್ಯಾಂಪಿನಲ್ಲಿ ಸಲೀಸಾಗಿ ಹತ್ತುವುದು ಸಾಹೇಬರ ಸ್ಕೂಟರ್ ಮಾತ್ರ. ಮೇಲೆ ತಿರುಗಿಕೊಳ್ಳಲು 5 ಅಡಿ ಸಮತಟ್ಟು ಬಿಟ್ಟಿರಬೇಕು. ನಮ್ಮ ಕಡೆ ಎಲ್ಲದಕ್ಕೂ ಪಾಲಿಶ್ ಶಹಾಬಾದ್ ಕಲ್ಲು ಹಾಸುವ ಚಟ. ಒದ್ದೆಯಾದರೆ ಊರುಗೋಲು ಜಾರುತ್ತದೆ. ರ‍್ಯಾಂಪಿಗೆ ಒರಟು ಕಲ್ಲೇ ಆಗಬೇಕು.

ಇನ್ನು ಪರೀಕ್ಷೆ. 2018ರ ಕೇಂದ್ರದ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕೆಂದಿತು. ಮೂರು ಗಂಟೆಯ ಪೇಪರಿಗೆ ಒಂದು ಗಂಟೆ. ಪರೀಕ್ಷಾರ್ಥಿ ಹೇಳಿದ್ದನ್ನು ಬರೆದುಕೊಡುವ ಬರಹಗಾರರನ್ನು ಸಂಸ್ಥೆಯೇ ಕೊಟ್ಟರೆ ಎರಡು ದಿನ ಮುಂಚೆ ಭೇಟಿ ಮಾಡಿಸಬೇಕೆಂದೂ ಹೇಳಿತು. ಈ ಭೇಟಿ ತಪ್ಪಿದರೆ ಸಿಗ್ಮಾ, ಇಂಟಿಗ್ರಲ್ ಚಿಹ್ನೆಗಳನ್ನೇ ಎಂದೂ ನೋಡಿರದ ಬರಹಗಾರರು ಗಣಿತದ ಪೇಪರ್ ಬರೆಯಲು ಕೂರುತ್ತಾರೆ. ಹೆಚ್ಚುವರಿ ಗಂಟೆ ತಪ್ಪುವುದು ಮಾತ್ರ ಕಾನೂನು ಗೊತ್ತಿಲ್ಲದೆ ಅಲ್ಲ, ಉತ್ತರಪತ್ರಿಕೆಯ ಬಂಡಲ್ ಕಟ್ಟಿ ಬಸ್ ಹಿಡಿಯುವ ಮೇಲ್ವಿಚಾರಕರ ಅವಸರಕ್ಕೆ.

ಸನ್ಮಾನದ ಪಟ್ಟಿ ಬರೆಯುವವರು ಮೊದಲು ಪರೀಕ್ಷಾ ವಿಭಾಗಕ್ಕೆ ಹೋಗಿ. ಹೋದ ಸೆಮಿಸ್ಟರಿನಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಆ ಒಂದು ಗಂಟೆ ಅಂಗವಿಕಲ ಪರೀಕ್ಷಾರ್ಥಿಗಾಗಿ ಕೊಠಡಿಯಲ್ಲಿ ಕೂತ ಮೇಲ್ವಿಚಾರಕರು ಯಾರು ಅಂತ ಕೇಳಿ.