ಪಿಚಕ್ ಪಿಚಕ್

"ಗುಹೆಗೆ ಹತ್ತೋದು ಬರೀ 430 ಮೀಟರ್ ತಾನೇ? ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನು ಕಣೇ ನಾನು" ಎಂದೆ. ಹತ್ತಿದ್ದು ಪಿಯುಸಿಯಲ್ಲಿದ್ದಾಗ. ಹೆಂಡತಿ ಏನೂ ಹೇಳದೆ ಸುಮ್ನೆ ನಕ್ಕಳು. ಆಗಲೇ ನನಗೆ ಹೊಳೆಯಬೇಕಿತ್ತು.

ಥಾಯ್ಲೆಂಡಿನ ಹುವಾ ಹಿನ್‌ನಿಂದ ದಕ್ಷಿಣಕ್ಕೆ ಹೋದರೆ ಖಾವೊ ಸಾಮ್ ರೋಯ್ ಯೋಟ್ ರಾಷ್ಟ್ರೀಯ ಉದ್ಯಾನ ಸಿಗುತ್ತದೆ. ಹೆಸರಿನ ಅರ್ಥ ಮುನ್ನೂರು ಶಿಖರಗಳ ಬೆಟ್ಟ. 1966ರಲ್ಲಿ ಶುರುವಾದದ್ದು. ಕಡಲಿಗೆ ಅಂಟಿಕೊಂಡೇ ಸುಣ್ಣಕಲ್ಲಿನ ಬೆಟ್ಟಗಳು, ಕಾಡು, ಗುಹೆಗಳು. ನಾವು ಹೊರಟಿದ್ದು ಫ್ರಾಯಾ ನಖೋನ್ ಗುಹೆಗೆ. ಅದರ ಮಾಡು ಯಾವ ಕಾಲದಲ್ಲೋ ಕುಸಿದು ಆಕಾಶಕ್ಕೆ ಬಾಯಿ ತೆರೆದಿದೆ. ಬೆಳಿಗ್ಗೆ ಹತ್ತೂವರೆ ಹೊತ್ತಿಗೆ ಬಿಸಿಲುಕೋಲು ನೇರ ಒಳಗಿನ ಮಂಟಪದ ಮೇಲೆ ಬೀಳುತ್ತದೆ. ಎಲ್ಲರೂ ಹೋಗುವುದೇ ಆ ಫೋಟೋಗೆ.

ನಾವು ಹತ್ತೂವರೆಗೆ ಇನ್ನೂ ಸಮುದ್ರದ ದಂಡೆಯಲ್ಲೇ ಇದ್ದೆವು. ತಪ್ಪು ನನ್ನದಲ್ಲ, ಅನಾನಸಿನದು. ರೂಮಿನ ಬಾಡಿಗೆಯಲ್ಲೇ ತಿಂಡಿಯೂ ಸೇರಿದ್ದಾಗ ಮೂರನೇ ಪ್ಲೇಟು ಬಿಟ್ಟು ಏಳೋಕಾಗುತ್ತಾ?

ಬಾಂಗ್ ಪೂ ಊರಿನಿಂದ ಗುಹೆಯ ಬುಡದ ಲೇಮ್ ಸಾಲಾ ಬೀಚಿಗೆ ಗುಡ್ಡ ಹತ್ತಿ ಇಳಿಯಬೇಕು, ಇಲ್ಲವೇ ದೋಣಿ. ಜಾಣನಾದ ನಾನು ದೋಣಿ ಅಂದೆ. ಅಲ್ಲಿ ದೋಣಿಗೆ ಕಟ್ಟೆ ಗಿಟ್ಟೆ ಏನಿಲ್ಲ, ನೀರಿಗಿಳಿದೇ ಹತ್ತಬೇಕು. ಹೆಂಡತಿ ಚಪ್ಪಲಿ ಕೈಗೆ ತಗೊಂಡಳು. "ರೀ, ಶೂ ಬಿಚ್ಚಿ" ಎಂದಳು. "ಇಷ್ಟಕ್ಕೆಲ್ಲ ಯಾಕೆ?" ಎನ್ನುವಷ್ಟರಲ್ಲಿ ಅಲೆ ಬಂತು.

ಅಲ್ಲಿಂದ ಶುರು, ಪಿಚಕ್ ಪಿಚಕ್.

ಬೀಚಿನಿಂದ ಗುಹೆಗೆ ಹತ್ತುವ ಆ 430 ಮೀಟರ್ ದಾರಿ ಅನ್ನೋದು ಅಡ್ಡಕ್ಕಿಂತ ಮೇಲಕ್ಕೇ ಜಾಸ್ತಿ. ಚಾಮುಂಡಿ ತಾಯಿಯ ಮೆಟ್ಟಿಲುಗಳು ಒಂದರ ಮೇಲೊಂದು ಶಿಸ್ತಾಗಿ ಕೂತಿವೆ. ಇಲ್ಲಿ ಕಲ್ಲುಗಳು ತಮಗೆ ತೋಚಿದ ಕಡೆ ಬಿದ್ದುಕೊಂಡಿವೆ. ಸೆಕೆಗೆ ಕನ್ನಡಕ ಮಂಜಾಯಿತು. ಒರೆಸಿ ಹಾಕಿಕೊಂಡರೆ ಕೊಂಬೆಯ ಮೇಲೆ ಒಂದು ಕೋತಿ. ಅಲ್ಲಿನ ಲಂಗೂರುಗಳಿಗೆ ಕಣ್ಣಿನ ಸುತ್ತ ಬಿಳಿ ಉಂಗುರ, ಥೇಟ್ ಕನ್ನಡಕ ಹಾಕಿದ ಹಾಗೆ. ಅದರದ್ದು ಮಂಜಾಗಿರಲಿಲ್ಲ. ನನ್ನನ್ನು ತಲೆಯಿಂದ ಶೂವರೆಗೂ ನೋಡಿ, ಎಲೆ ಜಗಿಯುತ್ತಾ ಮುಖ ತಿರುಗಿಸಿತು.

1890ರಲ್ಲಿ ದೊರೆ ಚುಲಾಲೊಂಗ್‌ಕೊರ್ನ್ ಬರುತ್ತಾರೆಂದು ಮಂಟಪವನ್ನು ಬ್ಯಾಂಕಾಕಿನಲ್ಲಿ ಮಾಡಿಸಿ, ಬಿಡಿಬಿಡಿಯಾಗಿ ತಂದು ಇಲ್ಲಿ ಜೋಡಿಸಿದರಂತೆ. ಅವರು ಮಂಟಪ ಹೊತ್ತು ಹತ್ತಿದ ದಾರಿಯಲ್ಲಿ ನಾನು ನೀರಿನ ಬಾಟಲಿಯನ್ನೂ ಹೆಂಡತಿ ಕೈಗೆ ಕೊಟ್ಟಿದ್ದೆ.

ತಲುಪಿದಾಗ ಹನ್ನೆರಡೂಕಾಲು. ಬಿಸಿಲುಕೋಲು ಮಂಟಪ ಬಿಟ್ಟು ಪಕ್ಕದ ಪೊದೆಯ ಮೇಲೆ ಬಿದ್ದಿತ್ತು. ಆದರೂ ನೋಡಿದವನೇ ಬಾಯಿ ಮುಚ್ಚಿದೆ. ಗುಹೆಯೊಳಗೇ ದೊಡ್ಡ ಮರಗಳು, ನಡುವೆ ನಾಲ್ಕು ಮುಖದ ಪುಟ್ಟ ಮಂಟಪ. ಒಬ್ಬರೂ ಮಾತಾಡುತ್ತಿರಲಿಲ್ಲ. ಕೈಮುಗಿಯಲು ಮೆಲ್ಲಗೆ ಮುಂದೆ ಹೆಜ್ಜೆ ಇಟ್ಟೆ.

ಪಿಚಕ್.

ಗುಹೆ ಅಲ್ವಾ, ಪ್ರತಿಧ್ವನಿ ಬಹಳ ಚೆನ್ನಾಗಿದೆ. ಹೆಂಡತಿ ಆಗಲೇ ಫೋಟೋ ತೆಗೆದಳು. ಅದರಲ್ಲಿ ಹಿಂದೆ ಮಂಟಪ, ಮುಂದೆ ನಾನು, ಸುತ್ತ ಏಳೆಂಟು ದೇಶದ ಜನ. ಎಲ್ಲರ ಕಣ್ಣೂ ನನ್ನ ಕಾಲಿನ ಮೇಲೆ.