ಆಟಕ್ಕುಂಟು, ಲೆಕ್ಕಕ್ಕಿಲ್ಲ

ನಿನ್ನೆ ಮಾಜಿ ಸೈನಿಕರ ಸನ್ಮಾನ ಸಮಾರಂಭವೊಂದರಲ್ಲಿ ಮುಖ್ಯ ಅತಿಥಿಗಳು ಮೈಕಿನ ಮುಂದೆ ನಿಂತು, ‘ನಮ್ಮ ಸೇನೆಯಲ್ಲಿ ಹೆಣ್ಣುಮಕ್ಕಳು ಅಧಿಕಾರಿಗಳಾದದ್ದು 1992ರಲ್ಲಿ’ ಎಂದು ಘೋಷಿಸಿದರು. ಸಭೆ ಚಪ್ಪಾಳೆ ತಟ್ಟಿತು. ಅದಕ್ಕೆ ಸ್ವಲ್ಪ ಮೊದಲು ಸ್ವಯಂಸೇವಕನೊಬ್ಬ, ‘ಮೇಡಂ, ಕುಟುಂಬದವರಿಗೆ ಹಿಂದಿನ ಸಾಲು’ ಎಂದು ನನಗೆ ದಾರಿ ತೋರಿಸಿದ್ದ. ಸೀರೆಯ ಮೇಲೆ ತೊಟ್ಟಿದ್ದ ಪದಕಗಳು ಯಜಮಾನರದ್ದಿರಬೇಕು ಎಂದುಕೊಂಡನೋ ಏನೋ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಮೈಕಿನ ಮುಂದೆ ನಿಂತವರ ಮೇಲೆ.

ಸೇನಾ ಆಸ್ಪತ್ರೆಗಳ ನರ್ಸುಗಳ ವಿಭಾಗವಾದ ಮಿಲಿಟರಿ ನರ್ಸಿಂಗ್ ಸರ್ವಿಸ್‌ನಲ್ಲಿ ನಾನು ಕಳೆದ ವರ್ಷಗಳ ವಿಚಾರ ಇಲ್ಲಿರುವ ಸ್ನೇಹಿತರಿಗೆ ಗೊತ್ತೇ ಇದೆ. 1888ರಲ್ಲಿ ಹತ್ತು ಮಂದಿ ಬ್ರಿಟಿಷ್ ನರ್ಸುಗಳು ಮುಂಬಯಿಗೆ ಬಂದಿಳಿದಾಗ ಆರಂಭವಾದ ಈ ಸೇವೆ 1926ರಲ್ಲಿ ಭಾರತೀಯ ಸೇನೆಯ ಕಾಯಂ ಅಂಗವಾಯಿತು. ಎರಡನೆಯ ಮಹಾಯುದ್ಧ ನಡೆಯುತ್ತಿರುವಾಗಲೇ, 1943ರ ಸುಗ್ರೀವಾಜ್ಞೆಯ ಮೂಲಕ, ಇದರ ನರ್ಸುಗಳು ಕಮಿಷನ್ (ಸೇನಾಧಿಕಾರಿಯಾಗಿ ಅಧಿಕೃತ ನೇಮಕ) ಪಡೆದ ಅಧಿಕಾರಿಗಳಾದರು. 1976ರಲ್ಲಿ ಇದೇ ಸೇವೆಯ ಗರ್ಟ್ರೂಡ್ ಆಲಿಸ್ ರಾಮ್ ಮೇಜರ್ ಜನರಲ್ ಹುದ್ದೆಗೇರಿದರು. 1992ರಲ್ಲಿ ಹೆಣ್ಣುಮಕ್ಕಳಿಗೆ ಸೇನೆಯ ಬೇರೆ ವಿಭಾಗಗಳ ಬಾಗಿಲು ತೆರೆಯಿತು, ಬಹಳ ಸಂತೋಷ. ಆದರೆ ಅದಕ್ಕೂ 16 ವರ್ಷ ಮೊದಲೇ ಜನರಲ್ ಆದವರು ಯಾವ ದೇಶದ ಸೇನೆಯಲ್ಲಿದ್ದರೆಂದು ಈ ಮಹನೀಯರ ಅಭಿಪ್ರಾಯ?

‘ನೀವು ಬಂದೂಕು ಹಿಡಿದವರಲ್ಲವಲ್ಲ’ ಎನ್ನುವವರಿದ್ದಾರೆ. ನಿಜ, ಹಿಡಿದವರಲ್ಲ. ನಮ್ಮ ಪಕ್ಕದಲ್ಲೇ ನಿಂತು ಶಸ್ತ್ರಚಿಕಿತ್ಸೆ ಮಾಡಿದ ಸೇನಾ ವೈದ್ಯರ ಕೈಯಲ್ಲೂ ಬಂದೂಕಿರಲಿಲ್ಲ. ಅವರನ್ನು ‘ಕರ್ನಲ್ ಸಾಹೇಬರು’ ಎನ್ನಲು ಯಾರ ನಾಲಿಗೆಯೂ ತಡವರಿಸುವುದಿಲ್ಲ. ಇನ್ನು ಪ್ರಾಣಾಪಾಯದ ಮಾತಾದರೆ, 1942ರ ಫೆಬ್ರವರಿಯಲ್ಲಿ ಇಂದಿನ ಇಂಡೋನೇಷ್ಯಾದ ಬಾಂಕಾ ದ್ವೀಪದ ತೀರದಲ್ಲಿ ಜಪಾನಿ ಸೈನಿಕರು ಆಸ್ಟ್ರೇಲಿಯಾದ 22 ಸೇನಾ ನರ್ಸುಗಳನ್ನು ಸಮುದ್ರಕ್ಕೆ ಇಳಿಸಿ ಬೆನ್ನಿಗೆ ಗುಂಡು ಹಾರಿಸಿದಾಗ ಬದುಕುಳಿದವರು ವಿವಿಯನ್ ಬುಲ್ವಿಂಕೆಲ್ ಒಬ್ಬರೇ. ಅವರ ಕೈಯಲ್ಲೂ ಬಂದೂಕಿರಲಿಲ್ಲ.

ಯುದ್ಧಕಾಲದಲ್ಲಾದರೂ ನಮ್ಮನ್ನು ‘ದೇವತೆಗಳು’ ಎಂದು ಹೊಗಳುತ್ತಾರೆ, ಅದಕ್ಕೆ ಖರ್ಚೇನೂ ಇಲ್ಲವಲ್ಲ. ಕಾರ್ಗಿಲ್ ಯುದ್ಧದ ದಿನಗಳಲ್ಲಿ, ಹೆಲಿಕಾಪ್ಟರಿನಿಂದ ಇಳಿಸಿದ ಹುಡುಗರ ಊದಿಕೊಂಡ ಕಾಲಿನಿಂದ ಬೂಟನ್ನು ಕತ್ತರಿಯಿಂದ ಸೀಳಿ ತೆಗೆಯುತ್ತಾ, ಯಾರನ್ನು ಮೊದಲು ಆಪರೇಷನ್ ಥಿಯೇಟರಿಗೆ ಕಳುಹಿಸಬೇಕು, ಯಾರು ಇನ್ನೊಂದು ಗಂಟೆ ತಡೆದಾರು ಎಂದು ಅಳೆಯಬೇಕಾಗಿತ್ತು. ಜುಲೈ 26ಕ್ಕೆ ದೇಶಕ್ಕೆ ವಿಜಯ ದಿವಸವಾಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದವರ ವಾರ್ಡಿಗೆ ಅಂಥ ದಿನಾಂಕ ಬರುವುದಿಲ್ಲ. ಎರಡು ಗಂಟೆಗೊಮ್ಮೆ, ನಡುರಾತ್ರಿಯಲ್ಲೂ, ಬೆನ್ನು ತಿರುಚದಂತೆ ಮೂರು ಜನ ಒಟ್ಟಿಗೆ ಕೈಕೊಟ್ಟು ಮಗ್ಗುಲು ಬದಲಿಸಬೇಕು. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆಯ ಭಾಗ ಕೆಂಪಾಗಿದೆಯೇ ಎಂದು ಟಾರ್ಚ್ ಹಿಡಿದು ನೋಡಬೇಕು, ಏಕೆಂದರೆ ನೋವೇ ತಿಳಿಯದ ದೇಹ ಹುಣ್ಣಾದರೂ ಹೇಳುವುದಿಲ್ಲ. ನನ್ನನ್ನು ನಿಜವಾಗಿ ಹಣ್ಣುಮಾಡಿದ್ದು ಯುದ್ಧವಲ್ಲ, ಯುದ್ಧ ಮುಗಿದ ಮೇಲಿನ ಈ ವಾರ್ಡು. ಈಗಲೂ ರಾತ್ರಿ ಎರಡು ಗಂಟೆಗೊಮ್ಮೆ ಎಚ್ಚರವಾಗುತ್ತದೆ.

ಇಷ್ಟಾದರೂ ನಾವು ಎಷ್ಟು ಅಧಿಕಾರಿಗಳು ಎಂಬುದು ಪ್ರತಿ ಸಲವೂ ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕು. ಮದುವೆಯಾದ ತಪ್ಪಿಗೆ ನರ್ಸಿಂಗ್ ಅಧಿಕಾರಿಯನ್ನು ಸೇವೆಯಿಂದ ತೆಗೆಯಲು ಅವಕಾಶ ಕೊಡುವ 1977ರ ನಿಯಮ 1995ರವರೆಗೂ ಜಾರಿಯಲ್ಲಿತ್ತು. 1988ರಲ್ಲಿ ಹೀಗೆ ಮನೆಗೆ ಕಳುಹಿಸಲ್ಪಟ್ಟ ಲೆಫ್ಟಿನೆಂಟ್ ಒಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಸುಪ್ರೀಂ ಕೋರ್ಟ್ ಹೇಳಿದ್ದು 2024ರಲ್ಲಿ. ಅವರು ಕೈಹಿಡಿದವರೂ ಸೇನಾಧಿಕಾರಿಯೇ. ವರನ ನೌಕರಿಗೆ ಮದುವೆಯಿಂದ ಯಾವ ಬಾಧೆಯೂ ಆಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಸೇವೆಯಿಂದ ಬಿಡುಗಡೆಯಾದ ಇನ್ನೊಬ್ಬ ನರ್ಸಿಂಗ್ ಅಧಿಕಾರಿ ಪಂಜಾಬಿನಲ್ಲಿ ಮಾಜಿ ಸೈನಿಕರ ಮೀಸಲಾತಿಯಡಿ ಸರ್ಕಾರಿ ಹುದ್ದೆಗೆ ಅರ್ಜಿ ಹಾಕಿದಾಗ, ನೀವು ಮಾಜಿ ಸೈನಿಕರ ವ್ಯಾಖ್ಯೆಗೆ ಬರುವುದಿಲ್ಲ ಎಂಬ ಉತ್ತರ ಬಂತು. ಆ ಪ್ರಕರಣವೂ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅಲ್ಲಿ ಅವರ ಪರವಾಗಿ ತೀರ್ಪಾಗಬೇಕಾಯಿತು. ಅದೇ ವಾರ್ಡಿನಲ್ಲಿ ಆಕೆಯ ಕೈಕೆಳಗೆ ದುಡಿದ ನರ್ಸಿಂಗ್ ಅಸಿಸ್ಟೆಂಟ್ ನಿವೃತ್ತನಾದ ಮರುದಿನದಿಂದ ಮಾಜಿ ಸೈನಿಕ, ಅವನಿಗೆ ಆದೇಶ ಕೊಟ್ಟ ಅಧಿಕಾರಿ ಮಾತ್ರ ಕೋರ್ಟು ಹೇಳುವವರೆಗೂ ಆಗಿರಲಿಲ್ಲ. ಈ ಲೆಕ್ಕವನ್ನು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬಿಡಿಸಿ ಹೇಳಿ.