ಅಂಗೈ ಹುಣ್ಣಿಗೆ ಆಕಾಶದ ಕನ್ನಡಿ

ಭತ್ತದ ಕಟಾವು ಮುಗಿಯುವುದೇ ತಡ, ಸರ್ಕಾರದ ಆ ಎಚ್ಚರಿಕೆ ಬಂದೇ ಬರುತ್ತದೆ: ‘ಕೂಳೆ ಸುಡಬೇಡಿ, ಉಪಗ್ರಹ ನೋಡುತ್ತಿದೆ.’ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಿಂದೆ ದೇವರು ನೋಡ್ತಾನೆ ಅಂತ ಹೆದರಿಸುತ್ತಿದ್ದರು. ದೇವರಾದರೂ ಇಪ್ಪತ್ನಾಲ್ಕು ತಾಸು ಡ್ಯೂಟಿಯಲ್ಲಿದ್ದ. ಉಪಗ್ರಹಕ್ಕೆ ಟೈಮಿಂಗ್ ಇದೆ.

ಗುಟ್ಟೇನಲ್ಲ, ಹೇಳಿಬಿಡೋಣ. ಬೆಂಕಿ ಎಣಿಸಲು ಎಲ್ಲರೂ ನೆಚ್ಚಿಕೊಂಡಿರುವ ವಿಐಐಆರ್‌ಎಸ್ ಉಪಕರಣ ನೋವಾ-20, ನೋವಾ-21ರಂಥ ಉಪಗ್ರಹಗಳ ಮೇಲಿದೆ. 800 ಕಿ.ಮೀ.ಗೂ ಎತ್ತರದಲ್ಲಿ ಮಧ್ಯಾಹ್ನ ಒಂದೂವರೆ ಆಸುಪಾಸಿಗೆ ಒಮ್ಮೆ, ರಾತ್ರಿ ಒಂದೂವರೆ ಆಸುಪಾಸಿಗೆ ಇನ್ನೊಮ್ಮೆ ಹಾದುಹೋಗುತ್ತವೆ. ನಮ್ಮ ಭಾಗದ ಬಸ್ಸುಗಳು ಇವನ್ನು ನೋಡಿ ಕಲಿಯಬೇಕು. ಒಣಗಿದ ಹುಲ್ಲಿನ ಸಾಲಿಗೆ ಮೂರೂವರೆಗೆ ಕಡ್ಡಿ ಗೀರಿದರೆ ಮುಕ್ಕಾಲು ತಾಸಿನಲ್ಲಿ ಕಥೆ ಮುಗಿಯಿತು. ರಾತ್ರಿ ಪಾಳಿಯ ಉಪಗ್ರಹ ಬರುವಷ್ಟರಲ್ಲಿ ಬೂದಿಯೂ ತಣ್ಣಗಾಗಿರುತ್ತದೆ. ಒಗ್ಗರಣಿ-ಮಿರ್ಚಿ ಅಂಗಡಿ ಮುಂದಿನ ಖಗೋಳಶಾಸ್ತ್ರ ಹೀಗಿರುತ್ತದೆ:

‘ಯಣ್ಣಾ, ಅದು ಹೋತೇನು?’

‘ಆಗ್ಲೇ ಹೋತು. ಉಂಡು ಹಚ್ಚು.’

ನಗಬೇಡಿ, ಪಂಜಾಬಿನಲ್ಲಿ ಇದು ದೊಡ್ಡ ಸುದ್ದಿಯೇ ಆಯಿತು. 2024ರಲ್ಲಿ ಬೆಂಕಿಯ ಲೆಕ್ಕ ಇಳಿಯಿತೆಂದು ಬೆನ್ನು ತಟ್ಟಿಕೊಳ್ಳುತ್ತಿದ್ದಾಗ, ಒಂದೇ ಕಡೆ ನಿಂತು ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವ ಕೊರಿಯಾದ ಉಪಗ್ರಹದಲ್ಲಿ ಬೇರೆಯದೇ ಕಂಡಿತು: ಬೆಂಕಿ ಸಂಜೆಗೆ ಸರಿದಿತ್ತು. ನಮ್ಮ ಇನ್ಸಾಟ್‌ಗಳೂ ಹಾಗೇ ನಿಂತು ನೋಡುತ್ತವೆ. ಆದರೆ ಶಾಖ ಹಿಡಿಯುವ ಅವುಗಳ ಚಿತ್ರದ ಒಂದೊಂದು ಚುಕ್ಕಿ (ಪಿಕ್ಸೆಲ್) ನೆಲದ ಮೇಲೆ 4 ಕಿ.ಮೀ. ಉದ್ದಗಲದ್ದು. ಅದರೊಳಗೆ ಒಂದೆಕರೆ ಹುಲ್ಲಿನ ಬೆಂಕಿ ಅಂದರೆ ಹುಣ್ಣಿಮೆ ರಾತ್ರಿಯ ಮಿಂಚುಹುಳ.

ವಿಐಐಆರ್‌ಎಸ್ ಚುಕ್ಕಿ 375 ಮೀಟರಿನದು. ಗುಣಿಸಿದರೆ 14 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 35 ಎಕರೆ. ಅಲ್ಲೆಲ್ಲೋ ಬೆಂಕಿ ಇದೆ ಎಂದಷ್ಟೇ ಅದು ಹೇಳೀತು, ಯಾರ ಗದ್ದೆ ಅಂತಲ್ಲ. ನೋಟದ ಅಂಚಿಗೆ ಹೋದಷ್ಟೂ ಚುಕ್ಕಿ ಹಿಗ್ಗಿ ಹೆಚ್ಚುಕಡಿಮೆ ಎರಡರಷ್ಟು ಉದ್ದವಾಗುತ್ತದೆ. 35 ಎಕರೆಯಲ್ಲಿ ಪಹಣಿ ಎಷ್ಟಿರುತ್ತವೆ, ಅಣ್ಣತಮ್ಮಂದಿರ ತಕರಾರು ಎಷ್ಟಿರುತ್ತವೆ ಅಂತ ಗ್ರಾಮ ಲೆಕ್ಕಿಗರನ್ನು ಕೇಳಿ. ಇದನ್ನು ನಂಬಿ ನೋಟಿಸ್ ಕೊಡುವುದೂ ಗಿಳಿಶಾಸ್ತ್ರ ಕೇಳುವುದೂ ಒಂದೇ. ಗಿಳಿಯಾದರೂ ಕಾರ್ಡು ತೆಗೆಯುತ್ತದೆ.

ಉಪಕರಣವನ್ನು ಬೈದು ಫಲವಿಲ್ಲ. ಸಂಡೂರಿನಂಥ ಗುಡ್ಡದಲ್ಲಿ ಕಾಡ್ಗಿಚ್ಚು ಎದ್ದರೆ ಇದೇ ಚುಕ್ಕಿ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಸಂದೇಶವಾಗಿ ಬರುತ್ತದೆ, ಬೆಂಕಿ ಎದ್ದ ದಿಕ್ಕಿಗೆ ಓಡಲು ಅಷ್ಟು ಸಾಕು. ದಿನಗಟ್ಟಲೆ ಉರಿಯುವ ಕಾಡು ನೋಡಲು ಹೋದದ್ದನ್ನು ತಂದು ಮುಕ್ಕಾಲು ತಾಸಿನ ಹುಲ್ಲಿಗೆ ಕಾನ್‌ಸ್ಟೇಬಲ್ ಮಾಡಿದವರು ನಾವು.

ಈ ಚುಕ್ಕಿಗಳಿಗೂ ಜಾತಿಪತ್ರ ಇದೆ. ದತ್ತಾಂಶದಲ್ಲಿ 0 ಅಂದರೆ ಗಿಡಗಂಟಿಯ ಬೆಂಕಿ, 1 ಜ್ವಾಲಾಮುಖಿ, 2 ನೆಲದ ಮೇಲಿನ ‘ಸ್ಥಿರ ಮೂಲ’. ಉಕ್ಕಿನ ಕುಲುಮೆಗಳು ಬರುವುದು 2ರಲ್ಲಿ. ತೋರಣಗಲ್ಲಿಗೆ ವರ್ಷಪೂರ್ತಿ ಸುಗ್ಗಿ, ಹಗಲೂ ರಾತ್ರಿ. ಪೈರಿನ ಬೆಂಕಿ ಎಣಿಸುವಾಗ ಅದನ್ನು ಬಿಡುವುದು ಶಾಸ್ತ್ರಕ್ಕೆ ಸರಿಯೇ. ಆದರೆ ಊರಿನ ಮಾತಿನಲ್ಲಿ ಅದರ ಅರ್ಥ ಇಷ್ಟೇ: ದಿನಾ ಉರಿದರೆ ಮೂಲ, ಒಂದಿನ ಉರಿದರೆ ಅಪರಾಧ.

ಇಷ್ಟಾದರೂ ನಾವಿನ್ನೂ ಹೊಗೆಗೆ ಬಂದಿಲ್ಲ. ಎಚ್ಚರಿಕೆ ಕೊಡುವವರೂ ಬರುವುದಿಲ್ಲ. ಬೆಂಕಿ ಎಣಿಸುವುದು ಬೇರೆ, ಗಾಳಿ ಅಳೆಯುವುದು ಬೇರೆ. ಹಸಿ ಹುಲ್ಲು ಧಗಧಗ ಉರಿಯದೆ ಹೊಗೆಯಾಡುತ್ತದೆ. ಶಾಖ ಕಮ್ಮಿ, ಹಾಗಾಗಿ ಉಪಗ್ರಹಕ್ಕೆ ಕಾಣುವುದು ಕಷ್ಟ. ಕಿಲೋಗೆ ಹೊಗೆ ಮಾತ್ರ ಜಾಸ್ತಿ. ಎಒಡಿ ಎಂಬ ಇನ್ನೊಂದು ಅಳತೆ ಇದೆ: ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯಲ್ಲಿ ಬಿಸಿಲಿಗೆ ಅಡ್ಡ ಬಂದದ್ದೆಷ್ಟು ಎಂಬ ಲೆಕ್ಕ. ಅದು ಮೂಗಿನ ಮಟ್ಟದ ಗಾಳಿಯಲ್ಲ. ಅದಿರಿನ ಕೆಂಧೂಳು, ಕುಡಿತಿನಿ-ಶಕ್ತಿನಗರದ ಕಲ್ಲಿದ್ದಲ ಬೂದಿ, ಹುಲ್ಲಿನ ಹೊಗೆ ಎಲ್ಲ ಸೇರಿ ಒಂದೇ ಅಂಕಿ. ಬಿಸಿಲೇ ಅದರ ಬಂಡವಾಳ. ಮೋಡವಿದ್ದರೆ ಇಲ್ಲ, ರಾತ್ರಿ ಇಲ್ಲ. ಮಧ್ಯಾಹ್ನ ಗಾಳಿ ಮೇಲೆದ್ದು ಹೊಗೆ ತೆಳುವಾದಾಗ ಅಳೆಯುತ್ತೇವೆ. ಸಂಜೆ ನೆಲ ತಣಿದು, ಹೊಗೆ ಓಣಿಯೊಳಗೆ ಕೂತು, ಮುದುಕರು ಬಾಗಿಲು ಹಾಕಿಕೊಂಡಾಗ ಅಳೆಯುವವರಿಲ್ಲ. ಕೊಪ್ಪಳದ ಗಾಳಿ ಮಾಪಕ ಗಂಗಾವತಿಯ ಹೊಗೆಗೆ 40 ಕಿ.ಮೀ.ಗೂ ಹೆಚ್ಚು ದೂರ. ಪಿಎಂ 2.5 ಅನ್ನುವ, ಎದೆಯೊಳಗೆ ಇಳಿಯುವ ಅತಿಸಣ್ಣ ಕಣಗಳಿಗೆ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಎಂದು ಕಾಗದದಲ್ಲಿದೆ. ಊರಿನಲ್ಲಿ ಯಂತ್ರವೇ ಇಲ್ಲದಿದ್ದರೆ ಮಿತಿ ಮೀರುವುದು ಹೇಗೆ? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಿದ್ದರು. ನಾವು ಕನ್ನಡಿಯನ್ನು ಆಕಾಶಕ್ಕೆ ಕಟ್ಟಿದೆವು, ಅಂಗೈ ನೋಡುವುದನ್ನೇ ಬಿಟ್ಟೆವು. ಸಾಕಾಗಿದೆ ಸ್ವಾಮಿ.

ಸುಡದೆ ಏನು ಮಾಡಬೇಕು? ಹಾರ್ವೆಸ್ಟರ್ ಮೊಳಕಾಲುದ್ದ ಕೂಳೆ ಬಿಟ್ಟು, ಹಿಂದೆ ಸಾಲಾಗಿ ಹುಲ್ಲು ಚೆಲ್ಲಿ ಹೋಗುತ್ತದೆ. ಒದ್ದೆ ಗದ್ದೆಯಲ್ಲಿ ಚೈನ್ ಹಾರ್ವೆಸ್ಟರ್ ತುಳಿದು ಕೆಸರಿಗೆ ಅಂಟಿಸಿದ ಹುಲ್ಲನ್ನು, ಹುಲ್ಲು ಸುತ್ತಿ ಕಟ್ಟುವ ಬೇಲರ್ ಯಂತ್ರ ಎತ್ತುವುದಿಲ್ಲ, ಎತ್ತಿದರೂ ದನ ಮೂಸುವುದಿಲ್ಲ. ಕೊಳೆಸುವ ದ್ರಾವಣ ಸಿಂಪಡಿಸಿದರೆ ಮೂರು-ನಾಲ್ಕು ವಾರ ಕಾಯಬೇಕು, ಎರಡನೇ ಬೆಳೆಗೆ ಬಿಟ್ಟ ಕಾಲುವೆ ನೀರು ಕಾಯುವುದಿಲ್ಲ. ಪಂಜಾಬಿನ ಹ್ಯಾಪಿ ಸೀಡರ್ ಕೂಳೆಯ ನಡುವೆ ಗೋಧಿ ಬಿತ್ತುತ್ತದೆ. ನಮ್ಮದು ಭತ್ತದ ಮೇಲೆ ಭತ್ತ, ಕೆಸರು ಮಾಡಲೇಬೇಕು. ಪ್ರಕಟಣೆಯಲ್ಲಿ ಬೇಲರ್ ಬಾಡಿಗೆಯ ಮಾತಿಲ್ಲ, ಹುಲ್ಲು ಕೊಳ್ಳುವವರ ಮಾತಿಲ್ಲ. ಉಪಗ್ರಹ ಇದೆ.

ಸಂಜೆ ಆರಕ್ಕೆ ಸಿಂಧನೂರು ರಸ್ತೆಯಲ್ಲಿ ಲಾರಿಗಳು ಹೆಡ್‌ಲೈಟ್ ಹಾಕಿಕೊಂಡು ಹೊಗೆಯೊಳಗೆ ಹಾರ್ನ್ ಹೊಡೆಯುತ್ತ ಬರುತ್ತವೆ. ಅದೇ ಅಂಗಡಿ ಮುಂದೆ ಇನ್ನೊಬ್ಬ ಮುಗಿಲು ನೋಡುತ್ತಾನೆ.

‘ಯಣ್ಣಾ, ನಾಳಿ ಮಾಡ ಇದ್ರ ಮುಂಜಾನೇನ ಹಚ್ಚಬಹುದೇನು?’